ಡೇಟಾಬೇಸಿಗೊಂದು ಪ್ರತ್ಯೇಕ ಪದರ ಬೇಕೇ?

ನಮಸ್ಕಾರ. ಡೇಟಾಬೇಸಿನ ಜೊತೆ ವ್ಯವಹರಿಸುವ ಕೋಡಿಗೆಂದೇ ಪ್ರತ್ಯೇಕ ಪದರ ಇರಬೇಕೆಂಬುದು ನಮಗೆಲ್ಲ ಬಾಯಿಪಾಠ. ಯಾಕೆ ಎಂದರೆ ಉತ್ತರವೂ ಸಿದ್ಧ: ‘ನಾಳೆ ಡೇಟಾಬೇಸ್ ಬದಲಾದರೆ?’ ಈ ಉತ್ತರವನ್ನು ನಾನು ಒಪ್ಪುವುದಿಲ್ಲ. ನಡೆಯುತ್ತಿರುವ ತಂತ್ರಾಂಶದ ಡೇಟಾಬೇಸನ್ನು ಕಿತ್ತು ಬೇರೊಂದನ್ನು ಕೂರಿಸುವುದು ಅಪರೂಪ. ಆ ದಿನ ಬಂದೇ ಬಂತೆನ್ನಿ, ಪದರ ಎಲ್ಲವನ್ನೂ ಮುಚ್ಚಿಡಲಾರದು. ಒರಾಕಲ್ ಎಂಬ ಡೇಟಾಬೇಸ್ ಖಾಲಿ ಸ್ಟ್ರಿಂಗನ್ನು, ಅಂದರೆ ಒಂದಕ್ಷರವೂ ಇಲ್ಲದ ಪಠ್ಯವನ್ನು, ನಲ್ (ಮಾಹಿತಿಯೇ ಇಲ್ಲ) ಎಂದೇ ಎಣಿಸುತ್ತದೆ. ಪೋಸ್ಟ್‌ಗ್ರೆಸ್‌ಕ್ಯುಎಲ್ ಎಂಬ ಇನ್ನೊಂದು ಡೇಟಾಬೇಸ್ ಎರಡನ್ನೂ ಬೇರೆಯಾಗಿಯೇ ಇಡುತ್ತದೆ. ಪದರದ ಇಂಟರ್‌ಫೇಸ್ ಎಷ್ಟು ಅಂದವಾಗಿದ್ದರೂ ಈ ವ್ಯತ್ಯಾಸ ಮೇಲಿನ ಕೋಡಿಗೆ ಜಿನುಗಿಯೇ ಜಿನುಗುತ್ತದೆ.

ಜಾವಾ ಭಾಷೆಯವರು ಡೇಟಾಬೇಸಿನೊಂದಿಗೆ ಮಾತಾಡಲು ಬರೀ ಜೆಡಿಬಿಸಿ ಎಂಬ ಮೂಲ ಸಾಧನದಲ್ಲಿ ಬರೆಯುತ್ತಿದ್ದ ಕಾಲದಲ್ಲಿ ಈ ಪದರಕ್ಕೆ ದುಡಿಮೆಯಿತ್ತು. ಕನೆಕ್ಷನ್ ತೆರೆಯಬೇಕು, ಸಾಲು ಸಾಲಾಗಿ ಓದಿ ಆಬ್ಜೆಕ್ಟಿಗೆ ತುಂಬಬೇಕು, ಮರೆಯದೆ ಮುಚ್ಚಬೇಕು. ಟೇಬಲ್ಲಿನ ಸಾಲುಗಳನ್ನು ಆಬ್ಜೆಕ್ಟ್‌ಗಳಿಗೆ ಹೊಂದಿಸುವ, 2001ರಲ್ಲಿ ಆರಂಭವಾದ ಹೈಬರ್ನೇಟ್‌ನಂಥ ಲೈಬ್ರರಿಗಳು ಆ ಚಾಕರಿಯನ್ನು ವಹಿಸಿಕೊಂಡವು. ಆದರೂ ಅವುಗಳ ಮೇಲೆ ಮತ್ತೆ ಸೇವ್, ಫೈಂಡ್, ಡಿಲೀಟ್ ಎಂಬ ಮೂರು ಮೆಥಡ್‌ಗಳ ಕ್ಲಾಸನ್ನು ಟೇಬಲ್ಲಿಗೊಂದರಂತೆ ಬರೆಯುವ ಅಭ್ಯಾಸ ಹೋಗಿಲ್ಲ. ಬಂದ ಕಡತಕ್ಕೆ ಒಂದು ಷರಾವನ್ನೂ ಬರೆಯದೆ ಸಹಿ ಹಾಕಿ ಮುಂದಿನ ಮೇಜಿಗೆ ದಾಟಿಸುವ ಗುಮಾಸ್ತನಂಥ ಕ್ಲಾಸ್ ಅದು. ಅದನ್ನು ಅಳಿಸಿದರೆ ನಷ್ಟವಿಲ್ಲ.

ಹಾಗಾದರೆ ಪದರವೇ ಬೇಡವೇ? ಗ್ರಂಥಾಲಯದ ಒಂದು ತಂತ್ರಾಂಶವನ್ನು ಊಹಿಸಿಕೊಳ್ಳಿ. ಗಡುವು ಮೀರಿದ ಎರವಲುಗಳನ್ನು ಪರದೆಯ ಮೇಲೆ ತೋರಿಸಬೇಕು, ಪಕ್ಕದಲ್ಲಿ ಸದಸ್ಯರ ಹೆಸರು. ಆಬ್ಜೆಕ್ಟ್‌ಗಳ ಲೋಕದಲ್ಲಿ ಇದು ಸಲೀಸು: ಎರವಲಿನಿಂದ ಸದಸ್ಯರಿಗೆ, ಸದಸ್ಯರಿಂದ ಹೆಸರಿಗೆ ನಡೆದುಹೋಗುವುದು. ಆದರೆ ಲೇಜಿ ಲೋಡಿಂಗ್ (ಕೇಳಿದಾಗಷ್ಟೇ ಮಾಹಿತಿ ತರುವ ಕ್ರಮ) ಇದ್ದು, 50 ಎರವಲುಗಳು 50 ಬೇರೆ ಬೇರೆ ಸದಸ್ಯರದ್ದಾಗಿದ್ದರೆ, ಆ ಒಂದು ಸಾಲಿನ ಲೂಪ್ 51 ಕ್ವೆರಿಗಳನ್ನು, ಅಂದರೆ ಡೇಟಾಬೇಸಿಗೆ ಕೇಳುವ ಪ್ರಶ್ನೆಗಳನ್ನು, ಓಡಿಸುತ್ತದೆ: ಪಟ್ಟಿಗೆ ಒಂದು, ಪ್ರತಿ ಸದಸ್ಯರಿಗೂ ಒಂದೊಂದು. ಬರೆದವರ ಲ್ಯಾಪ್‌ಟಾಪ್‌ನಲ್ಲಿ ಐದಾರು ದಾಖಲೆಗಳಷ್ಟೇ ಇರುವುದರಿಂದ ಸುಳಿವೇ ಸಿಗುವುದಿಲ್ಲ. ರಿಲೇಷನಲ್ ಡೇಟಾಬೇಸ್ ಬಯಸುವುದು ಬೇರೆ: ಬೇಕಾದ ಇಡೀ ಗುಂಪನ್ನು ಒಂದೇ ಸಲ ಕೇಳಿ ಎನ್ನುತ್ತದೆ. ಎರಡು ಟೇಬಲ್‌ಗಳನ್ನು ಬೆಸೆದು ಕೇಳುವ ಒಂದು ಜಾಯಿನ್ ಸಾಕು.

ಆ ಜಾಯಿನ್ ಎಲ್ಲಿರಬೇಕು? ಪರದೆಯ ಕೋಡಿನಲ್ಲಿಟ್ಟರೆ ನಾಳೆ ಎಸ್ಸೆಮ್ಮೆಸ್ ಕಳಿಸುವ ಕೋಡೂ ಅದನ್ನೇ ಬರೆದುಕೊಳ್ಳುತ್ತದೆ. ಒಂದು ಕಡೆ ರಜಾದಿನಗಳನ್ನು ಗಡುವಿನ ಲೆಕ್ಕದಿಂದ ಬಿಟ್ಟಿರುತ್ತಾರೆ, ಇನ್ನೊಂದು ಕಡೆ ಇಲ್ಲ. ಪಟ್ಟಿಯಲ್ಲಿ ಹೆಸರಿಲ್ಲದವರ ಮೊಬೈಲಿಗೆ ದಂಡದ ಸಂದೇಶ ಹೋಗುತ್ತದೆ. ‘ಗಡುವು ಮೀರಿದ್ದು’ ಎಂದರೇನು, ಅದರೊಂದಿಗೆ ಎಷ್ಟು ಮಾಹಿತಿಯನ್ನು ಎತ್ತಿ ತರಬೇಕು ಎಂಬುದು ಒಂದೇ ಕಡೆ ತೀರ್ಮಾನವಾಗಬೇಕು. ಪದರ ತನ್ನ ಕೂಲಿ ಗಳಿಸುವುದು ಇಲ್ಲಿ. ಅದರ ಮೆಥಡ್‌ಗಳ ಹೆಸರು ಓದಿದರೆ ಗ್ರಂಥಪಾಲಕರ ಕೆಲಸ ಕಾಣಬೇಕೇ ಹೊರತು ಟೇಬಲ್‌ಗಳ ಪಟ್ಟಿಯಲ್ಲ.

ಪದರವಿದ್ದರೆ ಕೋಡಿನ ಪರೀಕ್ಷೆಗೆ ಅನುಕೂಲ ಎಂಬ ವಾದಕ್ಕೆ ಅರ್ಧ ಅಂಕ ಕೊಡುತ್ತೇನೆ. ಡೇಟಾಬೇಸಿನ ಬದಲು ಕಂಪ್ಯೂಟರಿನ ನೆನಪಿನಲ್ಲೊಂದು ಲಿಸ್ಟ್ ಇಟ್ಟರೆ ಪರೀಕ್ಷೆ ಬೇಗ ಮುಗಿಯುತ್ತದೆ, ನಿಜ. ಆದರೆ ಆ ಲಿಸ್ಟ್‌ಗೆ ಒಂದೇ ಬೆಲೆ ಎರಡು ಸಲ ಬರಬಾರದೆಂಬ ಯೂನಿಕ್ ನಿರ್ಬಂಧವೂ ಗೊತ್ತಿಲ್ಲ, ಹಲವು ಬದಲಾವಣೆಗಳು ಒಟ್ಟಿಗೇ ಆಗಬೇಕು, ಇಲ್ಲವೇ ಒಂದೂ ಆಗಬಾರದೆಂಬ ಟ್ರಾನ್ಸಾಕ್ಷನ್ನೂ ಗೊತ್ತಿಲ್ಲ. ಕ್ವೆರಿಯನ್ನು ಪರೀಕ್ಷಿಸಬೇಕಾದರೆ ತಂತ್ರಾಂಶವನ್ನು ಪ್ರತ್ಯೇಕ ಡಬ್ಬಿಯಲ್ಲಿಟ್ಟು ಓಡಿಸುವ ಡಾಕರ್‌ನಲ್ಲಿ ನಿಜವಾದ ಡೇಟಾಬೇಸನ್ನೇ ಎಬ್ಬಿಸಿ.

ನಾಲ್ಕು ಟೇಬಲ್, ನಾಲ್ಕು ಫಾರ್ಮ್ ಇರುವ ತಂತ್ರಾಂಶಕ್ಕೆ ಇದಾವುದೂ ಬೇಡ. ಆಬ್ಜೆಕ್ಟೇ ತನ್ನನ್ನು ಡೇಟಾಬೇಸಿನಲ್ಲಿ ಉಳಿಸಿಕೊಳ್ಳುವ, ರೈಲ್ಸ್ ಎಂಬ ವೆಬ್ ಚೌಕಟ್ಟಿನ ಆಕ್ಟಿವ್ ರೆಕಾರ್ಡ್ ರೀತಿ ಧಾರಾಳವಾಗಿ ಸಾಕು. ತಿಂಗಳ ವರದಿಗಳಿಗಂತೂ ಆಬ್ಜೆಕ್ಟ್‌ಗಳ ಹಂಗೇ ಬೇಡ, ನೇರವಾಗಿ ಡೇಟಾಬೇಸಿನ ಪ್ರಶ್ನಾಭಾಷೆಯಾದ ಎಸ್‌ಕ್ಯುಎಲ್ ಬರೆಯಿರಿ.