ಎಂಟು ಎಸಳಿನ ಕ್ರೋಶ ಚಿಟ್ಟೆ

ಕೇಳುಗರಿಗೆ ನಮಸ್ಕಾರ.

ಶಿಡ್ಲಘಟ್ಟ, ಚಿಂತಾಮಣಿ ಕಡೆ ಸೀರೆಗೆ ಕುಚ್ಚು ಕಟ್ಟುವ ಹೆಣ್ಣುಮಕ್ಕಳಿಗೆ ತುದಿ ಕೊಕ್ಕೆಯಂತಿರುವ ಕ್ರೋಶ ಕಡ್ಡಿ ಹೊಸದಲ್ಲ. ಅದೇ ಕಡ್ಡಿಯಲ್ಲಿ ಒಂದು ಪುಟ್ಟ ಚಿಟ್ಟೆ ಹೆಣೆಯುವುದು ಹೇಗೆಂದು ಇವತ್ತು ನೋಡೋಣ. ಸೆರಗಿಗೂ ಆಗುತ್ತದೆ, ಬಾಗಿಲ ತೋರಣಕ್ಕೂ ಆಗುತ್ತದೆ. ಹೆಣೆಯುವಾಗ ಅದು ಎಂಟು ಎಸಳಿನ ಒಂದು ಹೂವು; ಮಡಿಸಿ ನಡು ಕಟ್ಟಿದ ಮೇಲೇ ಚಿಟ್ಟೆ. ಹಾಗಾಗಿ ಜಾಣತನವೆಲ್ಲ ಎಣಿಕೆಯಲ್ಲಿದೆ, ಮಡಿಕೆಯಲ್ಲಿದೆ.

ನಾಲ್ಕೆಳೆಯ ಹತ್ತಿ ದಾರ ಸುಮಾರು 5 ಮೀಟರ್, 2 ಮಿಲಿಮೀಟರ್ ಕಡ್ಡಿ, ಒಂದು ದಪ್ಪ ಕಣ್ಣಿನ ಸೂಜಿ. ಇಷ್ಟು ಸಾಕು. ಕುಚ್ಚಿನ ರೇಷ್ಮೆ ದಾರ ನುಣುಪು, ಕೈಯಲ್ಲಿ ಜಾರುತ್ತದೆ. ಮೊದಲ ಒಂದೆರಡನ್ನು ಹತ್ತಿಯಲ್ಲೇ ಹೆಣೆದು ಕೈ ಪಳಗಿಸಿಕೊಳ್ಳಿ.

ಬೆರಳಿಗೆ ದಾರ ಸುತ್ತಿ, ಎಳೆದರೆ ಬಿಗಿಯಾಗುವಂಥ ಉಂಗುರ ಮಾಡಿ. ಬಾಲದ ದಾರ, ಅಂದರೆ ಉಂಗುರದಾಚೆ ಉಳಿಯುವ ತುದಿ, ಒಂದು ಗೇಣಾದರೂ ಇರಲಿ. ಮೂರು ಚೈನ್ ಹಾಕಿ. ಚೈನ್ ಎಂದರೆ ಕಡ್ಡಿಗೆ ದಾರ ಸುತ್ತಿ, ಕಡ್ಡಿಯ ಮೇಲಿನ ಕುಣಿಕೆಯೊಳಗಿಂದ ಎಳೆಯುವುದು. ಇದು ಮೊದಲ ಕಂಬದ ಲೆಕ್ಕ. ಪಕ್ಕದಲ್ಲಿ ಇನ್ನೊಂದು ಕಂಬ, ಆಮೇಲೆ ಎರಡು ಚೈನ್. ಕಂಬವೆಂದರೆ ಕಡ್ಡಿಗೆ ಒಮ್ಮೆ ದಾರ ಸುತ್ತಿ, ಉಂಗುರದೊಳಗಿಂದ ಎಳೆದು, ಕಡ್ಡಿಯ ಮೇಲಿನ ಮೂರು ಕುಣಿಕೆಯನ್ನು ಎರಡೆರಡಾಗಿ ಬಿಡಿಸುವುದು. ಇದನ್ನೇ ಅಮೆರಿಕದ ಪುಸ್ತಕಗಳು ಡಬಲ್ ಎನ್ನುತ್ತವೆ, ಬ್ರಿಟನ್ನಿನವು ಟ್ರೆಬಲ್ ಎನ್ನುತ್ತವೆ. ಹೆಸರು ಏನೇ ಇರಲಿ, ಕೈ ಓಡುವ ಬಗೆ ನೋಡಿ ಕಲಿಯಿರಿ. ಎರಡು ಕಂಬ, ಎರಡು ಚೈನ್. ಹೀಗೆ ಒಟ್ಟು ಎಂಟು ಜೋಡಿ ಮಾಡಿ, ಉಂಗುರ ಬಿಗಿದು, ಮೊದಲ ಮೂರು ಚೈನಿನ ತುದಿಗೆ ಸ್ಲಿಪ್ ಸ್ಟಿಚ್‌ನಿಂದ ಸೇರಿಸಿ. ಅಂದರೆ ಆ ತುದಿಗೆ ಕಡ್ಡಿ ಹಾಕಿ, ದಾರವನ್ನು ಅದರೊಳಗಿಂದಲೂ ಕಡ್ಡಿಯ ಮೇಲಿನ ಕುಣಿಕೆಯೊಳಗಿಂದಲೂ ಒಟ್ಟಿಗೆ ಎಳೆಯುವುದು.

ಇಲ್ಲಿ ನಿಂತು ಎಣಿಸಿ. ಎರಡೆರಡು ಚೈನಿನಿಂದಾದ ಎಂಟು ಕಿಂಡಿ ಇರಬೇಕು. ಏಳೋ ಒಂಬತ್ತೋ ಇದ್ದರೆ ಬಿಚ್ಚಲೇಬೇಕು, ಏಕೆಂದರೆ ಬೆಸವಾದರೆ ರೆಕ್ಕೆ ಸಮನಾಗಿ ಪಾಲಾಗದು. ಮೊದಲ ಮೂರು ಚೈನನ್ನು ಕಂಬವೆಂದು ಲೆಕ್ಕ ಹಿಡಿಯದೆ ಹೋಗುವುದರಿಂದಲೇ ಎಷ್ಟೋ ಸಲ ಎಣಿಕೆ ತಪ್ಪುತ್ತದೆ.

ಎರಡನೇ ಸುತ್ತಿನಲ್ಲಿ ಪ್ರತಿ ಕಿಂಡಿಗೂ ಮೂರು ಕಂಬ, ಎರಡು ಚೈನ್, ಮತ್ತೆ ಮೂರು ಕಂಬ. ಒಂದು ಎಸಳು ಮುಗಿದೊಡನೆ, ಕೆಳಸುತ್ತಿನ ಜೋಡಿ ಕಂಬಗಳ ನಡುವೆ ಕಡ್ಡಿ ಇಳಿಸಿ, ಒಂದು ಗಿಡ್ಡ ಹೆಣಿಗೆ ಹಾಕಿ. ಇದಕ್ಕೆ ಕಡ್ಡಿಗೆ ಮೊದಲೇ ದಾರ ಸುತ್ತುವುದಿಲ್ಲ; ದಾರ ಎಳೆದು, ಕಡ್ಡಿಯ ಮೇಲಿನ ಎರಡು ಕುಣಿಕೆಯನ್ನು ಒಟ್ಟಿಗೆ ಬಿಡಿಸುವುದು. ಇದು ಎಸಳಿನ ಬುಡವನ್ನು ಒಳಗೆ ಜಗ್ಗಿ ಕಣಿವೆ ಮಾಡುತ್ತದೆ. ಇದನ್ನು ಬಿಟ್ಟರೆ ಎಸಳುಗಳೆಲ್ಲ ಒಂದಕ್ಕೊಂದು ಅಂಟಿಕೊಂಡಂತಾಗಿ ಬರೀ ನೆರಿಗೆಯ ಬಿಲ್ಲೆ ಸಿಗುತ್ತದೆ. ಅಂಚು ಸ್ವಲ್ಪ ಅಲೆಯಲೆಯಾಗಿ ಏಳುವುದು ತಪ್ಪಲ್ಲ, ರೆಕ್ಕೆಗೆ ಅದು ಬೇಕು. ಬಟ್ಟಲಿನಂತೆ ಒಳಮುಖವಾಗಿ ಮುದುರಿದರೆ ಮಾತ್ರ ಕೈ ಬಿಗಿಯಾಗಿದೆ ಎಂದರ್ಥ. ಕಡ್ಡಿಯನ್ನು ಒಂದು ಅಳತೆ ದೊಡ್ಡದು ಮಾಡಿಕೊಳ್ಳಿ.

ಬಾಲದ ದಾರವನ್ನು ಸೂಜಿಗೆ ಪೋಣಿಸಿ ಉಂಗುರದ ಸುತ್ತ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಓಡಿಸಿದ ಮೇಲೇ ಕತ್ತರಿಸಿ. ಒಂದೇ ಕಡೆಗೆ ಓಡಿಸಿದರೆ ನಾಲ್ಕು ದಿನದಲ್ಲಿ ನಡು ಬಾಯಿ ಬಿಡುತ್ತದೆ.

ಈಗ ಮಡಿಕೆ. ಮಡಿಕೆಯ ಗೆರೆ ಎದುರು ಬದುರಾದ ಎರಡು ಕಣಿವೆಗಳ ಮೂಲಕವೇ ಹೋಗಬೇಕು. ಎಸಳಿನ ತುದಿಗೆ ಬಿದ್ದರೆ ರೆಕ್ಕೆ ಅರ್ಧಕ್ಕೇ ಮುರಿದಂತೆ ಕಾಣುತ್ತದೆ. ಮುಂದೆ ನಾಲ್ಕು, ಹಿಂದೆ ನಾಲ್ಕು. ಮುಂದಿನ ಪದರವನ್ನು ಅರ್ಧ ಸೆಂಟಿಮೀಟರ್ ಕೆಳಕ್ಕೆ ಸರಿಸಿ. ಹಿಂದಿನದು ಮೇಲಿನ ರೆಕ್ಕೆ, ಮುಂದಿನದು ಕೆಳಗಿನ ರೆಕ್ಕೆ. ಬಣ್ಣದ ಆಸೆಯಿದ್ದರೆ ಎರಡನೇ ಸುತ್ತಿನಲ್ಲಿ ನಾಲ್ಕು ಎಸಳು ಕಪ್ಪು, ನಾಲ್ಕು ಹೊಂಬಣ್ಣ ಹೆಣೆದು ಕಪ್ಪನ್ನು ಹಿಂದಿಡಿ. ಅದು ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್‌ನ ಬಣ್ಣ. ಬಣ್ಣ ಕೂಡುವ ಜಾಗವೇ ಮಡಿಕೆಯ ಗೆರೆಯಾದ್ದರಿಂದ ತಪ್ಪುವ ಭಯವೂ ಇಲ್ಲ. ಕಪ್ಪು ದಾರವನ್ನು ಮಾತ್ರ ಒದ್ದೆ ಬಿಳಿಬಟ್ಟೆಗೆ ಉಜ್ಜಿ ನೋಡಿ. ಬಣ್ಣ ಬಿಡುವಂತಿದ್ದರೆ ರೇಷ್ಮೆ ಸೀರೆಯ ಹತ್ತಿರ ತರಬೇಡಿ.

ಮುಂದೆ ಹೇಳುವಂತೆ ಮೈ ಕಟ್ಟಿದ ಮೇಲೆ, ತೋರಣದ ಚಿಟ್ಟೆಗೆ ತಿಳಿ ಅಕ್ಕಿಗಂಜಿ ಹಾಕಿ, ಗುಂಡುಸೂಜಿ ಚುಚ್ಚಿ ಒಣಗಿಸಿದರೆ ರೆಕ್ಕೆ ಸೆಟೆದು ನಿಲ್ಲುತ್ತದೆ. ಉಲ್ಲನ್ ಹೆಸರಿನಲ್ಲಿ ಮಾರುವ ಅಕ್ರಿಲಿಕ್ ನೂಲಿಗೆ ಗಂಜಿ ಹಿಡಿಯದು. ಸೀರೆಯ ಚಿಟ್ಟೆಗೆ ಗಂಜಿ ಬೇಡ. ಮೈಯ ಹಿಂದೆ ಎರಡೇ ಹೊಲಿಗೆ ಹಾಕಿ, ರೆಕ್ಕೆ ಬಿಡುವಾಗಿರಲಿ.

ಮೈಗೆ 40 ಸೆಂಟಿಮೀಟರ್ ದಾರ. ನಡುವಿಗೆ ಆರೇಳು ಸುತ್ತು ಬಿಗಿದು, ತಲೆಯ ಕಡೆ ಗಂಟು ಹಾಕಿ, ಉಳಿದ ಎರಡು ತುದಿಗಳನ್ನು ಎರಡೂವರೆ ಸೆಂಟಿಮೀಟರಿಗೆ ಕತ್ತರಿಸಿ. ಅವೇ ಮೀಸೆ. ರೇಷ್ಮೆಗೂಡಿನಿಂದ ಹೊರಬರುವ ಪತಂಗವನ್ನು ನೋಡಿದವರಿಗೆ ಗೊತ್ತು, ಅದರ ಮೀಸೆ ಬಾಚಣಿಗೆಯ ಹಾಗೆ. ಚಿಟ್ಟೆಯ ಮೀಸೆ ತೆಳ್ಳಗಿದ್ದು ತುದಿಯಲ್ಲಿ ಗುಂಡಗಾಗುತ್ತದೆ. ಆದ್ದರಿಂದ ಎರಡೂ ತುದಿಗೆ ಸಾಸಿವೆಯಷ್ಟು ಒಂದೊಂದು ಗಂಟು ಹಾಕಿ, ಗಂಟಿನಾಚೆಯ ಎಳೆಯನ್ನು ಕತ್ತರಿಸಿಬಿಡಿ.

ನಮಸ್ಕಾರ.