ಎತ್ತಿನಹೊಳೆ ನೀರು ‘ವೇಸ್ಟ್’ ಅಂತೀರಲ್ಲ, ಹೊಳೆ ನೋಡಿದೀರಾ?

ನಮಸ್ಕಾರ ಎಲ್ರಿಗೂ. ಇವತ್ತಿಂದು ಬೈಸ್ಕೊಳ್ಳೋ ವಿಷ್ಯ, ಅದೂ ನಮ್ಮೂರಿನವ್ರ ಹತ್ರಾನೇ. ಎತ್ತಿನಹೊಳೆ ಯೋಜನೆ ಅಂದ್ರೆ ಸಕಲೇಶಪುರದ ಕಡೆ ಪಶ್ಚಿಮಕ್ಕೆ ಹರಿಯೋ ಹೊಳೆಗಳ ನೀರನ್ನ ಪಂಪ್ ಮಾಡಿ ಕೋಲಾರದಂಥ ಒಣ ಜಿಲ್ಲೆಗಳಿಗೆ ತರೋದು. ನಾನು ಕೋಲಾರದ ಕಡೆಯವ್ನು, ಸಾವಿರ ಅಡಿ ಕೊರೆಸಿದ್ರೂ ಬರೀ ಧೂಳು ಬರೋ ಬೋರ್‌ವೆಲ್ ನೋಡ್ಕೊಂಡೇ ಬೆಳ್ದಿರೋದು, ಹಾಗಾಗಿ ‘ಸಮುದ್ರಕ್ಕೆ ವೇಸ್ಟ್ ಆಗಿ ಹೋಗೋ ನೀರು ನಮಗೆ ಕೊಡಿ’ ಅಂತ ನಾನೂ ಕೂಗಾಡ್ದೋನೇ.

ಆಮೇಲೊಂದ್ಸಲ ಏಪ್ರಿಲ್‌ನಲ್ಲಿ ಸಕಲೇಶಪುರಕ್ಕೆ ಹೋದೆ. ಊರಲ್ಲಿ ಹರಿಯೋ ಹೇಮಾವತಿ ಪೂರ್ವಕ್ಕೆ ಹೋಗಿ ಕಾವೇರಿ ಸೇರುತ್ತೆ, ಅಲ್ಲಿಂದ ಸ್ವಲ್ಪ ಪಶ್ಚಿಮಕ್ಕೆ ಹೋಗಿ ಗುಡ್ಡದ ನೆತ್ತಿ ದಾಟಿದ್ರೆ ಎತ್ತಿನಹೊಳೆ. ನೆತ್ತಿಯ ಈ ಕಡೆ ಬಿದ್ದ ಹನಿ ಬಂಗಾಳಕೊಲ್ಲಿಗೆ, ಆ ಕಡೆ ಬಿದ್ದಿದ್ದು ಅರಬ್ಬಿ ಸಮುದ್ರಕ್ಕೆ. ಈಗ ಅದನ್ನ ಪಂಪ್ ಇಟ್ಟು ಉಲ್ಟಾ ಮಾಡ್ತಿದೀವಿ, ಹೆಸರಲ್ಲೇ ಎತ್ತು ಇದೆ ಅಂತಾನೋ ಏನೋ ನೀರೆತ್ತೋ ಕೆಲ್ಸಾನೂ ಅದಕ್ಕೇ ಬಿತ್ತು!

ಹೊಳೆ ಅಂದ್ರೆ ಏನೋ ಅನ್ಕೊಂಡಿದ್ದೆ. ನಾನ್ ಇಳ್ದ ಜಾಗದಲ್ಲಿ ಪಾದ ಮುಳುಗೋಷ್ಟು ನೀರು, ಬಂಡೆ ಸಂದಿಲಿ ನುಸುಳ್ಕೊಂಡು ಹೋಗ್ತಿದೆ, ಸುಮ್ನೆ ನಿಂತ್ರೆ ಮರಿಮೀನು ಬಂದು ಕಾಲು ಕಚ್ಚುತ್ತೆ. ಮಳೆಗಾಲದಲ್ಲಿ ಹುಲ್ಲುಗುಡ್ಡ, ಶೋಲಾ ಕಾಡು (ಗುಡ್ಡದ ಕಣಿವೇಲಿ ಬೆಳೆಯೋ ದಟ್ಟ ಕಾಡು) ಕುಡಿದಿದ್ದನ್ನ ಬೇಸಿಗೇಲಿ ತೊಟ್ಟುತೊಟ್ಟಾಗಿ ಬಿಡೋದು. ಕೆಳಗೆ ಶಿರಾಡಿ ಘಾಟಿಲಿ ಕೆಂಪುಹೊಳೆ, ಆಮೇಲೆ ಗುಂಡ್ಯ ಹೊಳೆ, ಕುಮಾರಧಾರ, ಉಪ್ಪಿನಂಗಡೀಲಿ ನೇತ್ರಾವತಿ, ಅಲ್ಲಿಂದ ತುಂಬೆ ಡ್ಯಾಮ್, ಮಂಗಳೂರಿನ ನಲ್ಲಿ. ಇದ್ರಲ್ಲಿ ವೇಸ್ಟ್ ಯಾವ್ದು ಹೇಳಿ?

ಮಳೆಗಾಲದ ನೀರು ಮಾತ್ರ ತಗೋತೀವಿ ಅಂತಾರೆ, ಸರಿ. ಆದ್ರೆ ಎಷ್ಟು? ಯೋಜನೆಲಿ 24.01 ಟಿಎಂಸಿ (ಒಂದು ಟಿಎಂಸಿ ಅಂದ್ರೆ ನೂರು ಕೋಟಿ ಘನ ಅಡಿ), ಬೆಂಗಳೂರಿನ ಐಐಎಸ್‌ಸಿ ವಿಜ್ಞಾನಿಗಳ ಅಧ್ಯಯನದಲ್ಲಿ ಅಲ್ಲಿ ಸಿಗೋದೇ 9.55. 2012ರಲ್ಲಿ 8,323 ಕೋಟಿ ಇದ್ದ ಅಂದಾಜು 23 ಸಾವಿರ ಕೋಟಿ ದಾಟಿದೆ, 2024ರ ಸೆಪ್ಟೆಂಬರ್‌ನಲ್ಲಿ ಮೊದಲ ಹಂತದ ಪಂಪ್ ಆನ್ ಮಾಡಿ ಬಾಗಿನ ಕೊಟ್ಟಿದ್ದೂ ಆಯ್ತು.

ಅಲ್ಲ, ನಮ್ಮ ಕಡೆ ನದಿ ಹುಟ್ಟಲ್ವಾ? ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ, ಎಲ್ಲಾ ನಂದಿ ಬೆಟ್ಟದ ಸುತ್ತಮುತ್ತಾನೇ. ಅವುಗಳ ದಾರಿಗೆ ನೀಲಗಿರಿ ನೆಟ್ಟಿದ್ದು, ಮರಳು ಬಗೆದಿದ್ದು ಮಂಗಳೂರಿನವ್ರಲ್ಲ ಸ್ವಾಮಿ.

ನಮ್ಮೂರ ಕೆರೆಗೆ ನೀರು ಬರ್ತಿದ್ದ ರಾಜಕಾಲುವೆ ಮೇಲೆ ಈಗ ಸೈಟಿನ ಕಲ್ಲು ನಿಂತಿವೆ. ಎತ್ತಿನಹೊಳೆ ನೀರು ಬಂದ್ರೂ ಕೆರೆಗೆ ಯಾವ ದಾರೀಲಿ ಹೋಗುತ್ತೆ ಅಂತ ನಮ್ಮ ಮಾವನ್ನ ಕೇಳ್ದೆ. ‘ಅದಕ್ಕೂ ಪೈಪ್ ಹಾಕ್ತಾರೆ ಬಿಡಪ್ಪ’ ಅಂದ್ರು.