ಗಣಿ ಪಕ್ಕದ ಸರೋವರದ ನೀರಲ್ಲಿ ಚಹಾ ಮಾಡಿದ್ರೆ ಪೊರೆ ಕಟ್ಟುತ್ತಾ?

[ದೃಶ್ಯ: ಮರಗಳೇ ಇಲ್ಲದ ಕಲ್ಲುಬಂಡೆಯ ಬಯಲು. ಕ್ಯಾಂಪ್ ಒಲೆಯ ಮೇಲೆ ಮಸಿ ಹಿಡಿದ ಕೆಟಲ್.]

ಸರೋವರದ ನೀರು ಮೊಗೆದು ತರ್ತಾರೆ. ಕುದಿಸ್ತಾರೆ, ಚಹಾ ಮಾಡ್ತಾರೆ, ಲೋಟಕ್ಕೆ ಬಗ್ಗಿಸ್ತಾರೆ. ಆಮೇಲೆ ಬಗ್ಗಿ ನೋಡ್ತಾರೆ. ಮೇಲೆ ಪೊರೆ ಕಟ್ಟಿದೆಯಾ? ಲೋಟದ ಒಳಗೆ ಕರೆ ಅಂಟಿದೆಯಾ? ಕುಡಿದು ರುಚಿ ಹೇಳ್ತಾರೆ.

ಇವರು ಅಲ್ಲಿನ ಮೂಲನಿವಾಸಿ ಹಿರಿಯರು. ಚಳಿಗೆ ಚಹಾ ಕುಡಿಯೋಕೆ ಕೂತವರಲ್ಲ, ನೀರು ಹೇಗಿದೆ ಅಂತ ನೋಡೋಕೆ ಕೂತವರು. ಇದೊಂದು ವಜ್ರದ ಗಣಿಯ ಪರಿಸರ ತಪಾಸಣೆಯ ಭಾಗ. ಗಣಿಯ ಹೆಸರು ಡಯಾವಿಕ್. ಜಾಗ ಕೆನಡಾದ ನಾರ್ತ್‌ವೆಸ್ಟ್ ಟೆರಿಟರೀಸ್, ಯೆಲ್ಲೋನೈಫ್ ಊರಿಂದ ಈಶಾನ್ಯಕ್ಕೆ ಸುಮಾರು 300 ಕಿಲೋಮೀಟರ್. ಸರೋವರದ ಹೆಸರು ಲಾಕ್ ಡಿ ಗ್ರಾ. ಇಲ್ಲಿಂದ ಹೊರಟ ನೀರು ಕಾಪರ್‌ಮೈನ್ ನದಿಯಾಗಿ ಆರ್ಕ್‌ಟಿಕ್ ಸಾಗರ ಸೇರುತ್ತೆ.

ವಜ್ರ ಇದ್ದದ್ದು ದಡದಲ್ಲಲ್ಲ, ನೀರಿನ ತಳದಲ್ಲಿ. ಅದಕ್ಕೆ ಏನು ಮಾಡಿದ್ರು? ಸರೋವರದೊಳಗೇ ಬಳಸಿ ಏರಿ ಕಟ್ಟಿದ್ರು. ಒಳಗೆ ಸಿಕ್ಕಿಕೊಂಡ ಮೀನು ಹಿಡಿದು ತೆಗೆದ್ರು. ನೀರು ಪಂಪ್ ಮಾಡಿ ಖಾಲಿ ಮಾಡಿದ್ರು. ಬರಿದಾದ ತಳವನ್ನ ಅಗೆದ್ರು. 2003ರಲ್ಲಿ ವಜ್ರ ಬರೋಕೆ ಶುರುವಾಯ್ತು.

[ದೃಶ್ಯ: ಮೇಲಿಂದ ಕಾಣೋ ಗಣಿ. ಏರಿಯ ಒಂದು ಕಡೆ ತುಂಬಿದ ನೀರು, ಇನ್ನೊಂದು ಕಡೆ ಪಾತಾಳ.]

ಗಣಿ ಅಂದ ಕೂಡಲೇ ನಾವು ವಿಷ ಹುಡುಕ್ತೀವಿ. ಇಲ್ಲಿ ಎದ್ದು ಕಂಡದ್ದು ಗೊಬ್ಬರ. ಹೌದು, ಗೊಬ್ಬರ. ಬಂಡೆ ಸಿಡಿಸೋ ಸ್ಫೋಟಕದಲ್ಲಿ ಅಮೋನಿಯಂ ನೈಟ್ರೇಟ್ ಇರುತ್ತೆ, ಅದರಿಂದ ಸಾರಜನಕ. ಗುಂಡಿಗೆ ಒಸರೋ ಅಂತರ್ಜಲದಿಂದ, ಕ್ಯಾಂಪಿನ ಚರಂಡಿ ನೀರಿಂದ ರಂಜಕ. ಶುದ್ಧೀಕರಣ ಮಾಡಿಯೇ ಹೊರಬಿಟ್ರೂ ಇವು ಒಂದಿಷ್ಟು ಉಳಿದೇ ಉಳಿಯುತ್ತವೆ. ಲಾಕ್ ಡಿ ಗ್ರಾ ಎಂಥ ಸರೋವರ ಅಂದ್ರೆ, ಅದರ ನೀರಲ್ಲಿ ಪೋಷಕಾಂಶ ಇಲ್ಲವೇ ಇಲ್ಲ ಅನ್ನೋಷ್ಟು ಕಡಿಮೆ. ಅಂಥ ನೀರಿಗೆ ಚಿಟಿಕೆ ಗೊಬ್ಬರ ಬಿದ್ರೂ ಪಾಚಿ ಹೆಚ್ಚುತ್ತೆ, ಅದನ್ನ ತಿನ್ನೋ ಸೂಕ್ಷ್ಮಜೀವಿಗಳೂ ಹೆಚ್ಚುತ್ತವೆ. ಮೀನಿಗೆ ಊಟ ಜಾಸ್ತಿಯಾದ್ರೆ ಒಳ್ಳೇದೇ ಅಲ್ವಾ? ಅಲ್ಲಿಗೇ ಬನ್ನಿ.

[ದೃಶ್ಯ: ಅಂಗೈ ಮೇಲೆ ಪುಟ್ಟ ಮೀನು.]

ಇದು ಸ್ಲೈಮಿ ಸ್ಕಲ್ಪಿನ್. ಬೆರಳುದ್ದದ ಮೀನು. ಜನ ತಿನ್ನೋ ಮೀನಲ್ಲ, ನೋಡೋಕೂ ಚೆಂದ ಇಲ್ಲ. ಆದ್ರೆ ತಪಾಸಣೆಗೆ ಇದೇ ಬೇಕು. ಯಾಕಂದ್ರೆ ಇದು ಹುಟ್ಟಿದ ಕಲ್ಲಿನ ಸಂದಿ ಬಿಟ್ಟು ಬಹಳ ದೂರ ಹೋಗಲ್ಲ. ದೊಡ್ಡ ಲೇಕ್ ಟ್ರೌಟ್ ಇವತ್ತು ಇಲ್ಲಿ, ನಾಳೆ ಎಲ್ಲೋ. ಸ್ಕಲ್ಪಿನ್ ಹಾಗಲ್ಲ, ಹಿಡಿದ ಜಾಗದ ಕಥೆಯನ್ನೇ ಹೇಳುತ್ತೆ. ಮೀನನ್ನ ಅಳೀತಾರೆ, ತೂಗ್ತಾರೆ, ಪಿತ್ತಜನಕಾಂಗ ಬೇರೆ ತೆಗೆದು ತೂಗ್ತಾರೆ. ಕಿವಿಯೊಳಗಿನ ಸಾಸಿವೆಗಿಂತ ಚಿಕ್ಕ ಕಲ್ಲು ತೆಗೆದು, ಮರದ ಕಾಂಡದ ಉಂಗುರ ಎಣಿಸಿದ ಹಾಗೆ ಉಂಗುರ ಎಣಿಸಿ ವಯಸ್ಸು ಹೇಳ್ತಾರೆ. ಗಣಿ ನೀರು ಬೀಳೋ ಕಡೆ ಸಿಕ್ಕ ಮೀನು, ದೂರದ ಮೀನು, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡ್ತಾರೆ. ದಪ್ಪ ಆಗಿದ್ರೂ ಅದು ಬದಲಾವಣೆಯೇ. "ಚೆನ್ನಾಗಿ ಬೆಳೆದಿದೆ" ಅಂತ ಬರೆದು ಫೈಲ್ ಮುಚ್ಚೋ ಹಾಗಿಲ್ಲ.

ಹಾಗಾದ್ರೆ ಇಡೀ ಕೆಲಸ ಹೋಲಿಕೆಯದು. ಯಾವುದಕ್ಕೆ ಹೋಲಿಸ್ತೀರಿ ಅನ್ನೋದರ ಮೇಲೆ ಉತ್ತರ ನಿಂತಿದೆ. ನೀರಿನ ವಿಷಯದಲ್ಲಿ ಇದು ಸ್ವಲ್ಪ ಸುಲಭ, ಏರಿ ಕಟ್ಟೋ ಮುಂಚೆಯೇ ಮಾದರಿ ತೆಗೆದಿಟ್ಟಿದ್ರು. ಕ್ಯಾರಿಬೂ ವಿಷಯಕ್ಕೆ ಬಂದ್ರೆ ಲೆಕ್ಕ ಕೈ ಜಾರುತ್ತೆ.

[ದೃಶ್ಯ: ಬಯಲಲ್ಲಿ ಸಾಲಾಗಿ ನಡೆಯೋ ಕ್ಯಾರಿಬೂಗಳು.]

ಕ್ಯಾರಿಬೂ ಅಂದ್ರೆ ಜಿಂಕೆ ಜಾತಿಯ ವಲಸೆ ಪ್ರಾಣಿ. ಚಳಿಗಾಲದಲ್ಲಿ ಅದರ ಮುಖ್ಯ ಆಹಾರ ಕಲ್ಲುಹೂವು. ನಮ್ಮ ಮಸಾಲೆ ಡಬ್ಬಿಯಲ್ಲಿ ಇರುತ್ತಲ್ಲ, ಅದರದೇ ಬಳಗ. ಕಲ್ಲುಹೂವಿಗೆ ಬೇರಿಲ್ಲ, ಗಾಳಿ ಮಳೆಯಲ್ಲಿ ಬಂದದ್ದೇ ಅದರ ಊಟ. ಲಾರಿ ಎಬ್ಬಿಸಿದ ಧೂಳೂ ಅದರ ಮೇಲೇ ಕೂರುತ್ತೆ. ಡಯಾವಿಕ್ ಮತ್ತು ಪಕ್ಕದ ಎಕಾಟಿ ಗಣಿಗಳ ಸುತ್ತ ಮಾಡಿದ ಅಧ್ಯಯನದಲ್ಲಿ, ಕ್ಯಾರಿಬೂಗಳು ಸುಮಾರು 14 ಕಿಲೋಮೀಟರ್ ದೂರದವರೆಗೂ ಗಣಿಯ ಕಡೆ ಬರೋದು ಕಡಿಮೆ ಅಂತ ಕಂಡುಬಂತು. ಗಣಿ ಹಿಡಿದದ್ದು ಇಷ್ಟೇ ಜಾಗ, ಪ್ರಾಣಿ ಬಿಟ್ಟುಕೊಟ್ಟದ್ದು ಅಷ್ಟು ಜಾಗ.

ಈ ಭಾಗದಲ್ಲಿ ಓಡಾಡೋ ಕ್ಯಾರಿಬೂ ಹಿಂಡಿನ ಹೆಸರು ಬ್ಯಾಥರ್ಸ್ಟ್. ಅದರಲ್ಲಿ 1986ರಲ್ಲಿ ಸುಮಾರು 4,70,000 ಪ್ರಾಣಿಗಳಿದ್ದವು. 2021ರ ಅಂದಾಜು 6,240. ತಪ್ಪೆಲ್ಲ ಗಣಿಯದು ಅನ್ನೋದು ಸರಿಯಲ್ಲ. ಹವಾಮಾನ, ತೋಳ, ಬೇಟೆ, ಹಿಂಡಿನ ಸಹಜ ಏರಿಳಿತ, ಎಲ್ಲಾ ಸೇರಿದೆ. ಆದ್ರೆ ಒಂದೊಂದು ಗಣಿಯೂ "ನನ್ನಿಂದ ಆದದ್ದು ಸ್ವಲ್ಪವೇ" ಅಂತ ಬೇರೆ ಬೇರೆ ವರದಿ ಕೊಟ್ಟರೆ, ಎಲ್ಲವನ್ನೂ ದಾಟಿ ನಡೆಯೋ ಪ್ರಾಣಿಯ ಲೆಕ್ಕ ಇಡೋರು ಯಾರು? ನನಗೆ ಈ ಪದ್ಧತಿಯ ದೊಡ್ಡ ತೂತು ಕಾಣೋದು ಇಲ್ಲೇ.

ಮತ್ತೆ ಚಹಾಕ್ಕೆ ಬರೋಣ. ಟ್ಲಿಚೋ, ಯೆಲ್ಲೋನೈವ್ಸ್ ಡೆನೆ, ಇನ್ಯೂಟ್, ಮೇಟಿ ಅನ್ನೋ ಮೂಲನಿವಾಸಿ ಸಮುದಾಯಗಳ ಹಿರಿಯರು ಸರೋವರದ ಪಕ್ಕ ಕ್ಯಾಂಪ್ ಹಾಕಿ ಮೀನು ಹಿಡಿದು, ಕುಯ್ದು, ಮಾಂಸದ ಗಟ್ಟಿತನ ನೋಡಿ, ಬೇಯಿಸಿ ತಿಂದು ಹೇಳ್ತಾರೆ. ವಿಜ್ಞಾನಿಗಳು ಪಾದರಸ ಎಷ್ಟಿದೆ ನೋಡೋಕೆ ಮಾದರಿ ಒಯ್ಯುತ್ತಾರೆ. ಲ್ಯಾಬ್ ಇರುವಾಗ ನಾಲಿಗೆ ಯಾಕೆ ಅಂತ ಕೇಳಬಹುದು. ಯೆಲ್ಲೋನೈಫ್ ಪಕ್ಕದ ಜೈಂಟ್ ಚಿನ್ನದ ಗಣಿ ಕೇಳಿ. ಅಲ್ಲಿ ನೆಲದಡಿ 2,37,000 ಟನ್ ಆರ್ಸೆನಿಕ್ ಟ್ರೈಆಕ್ಸೈಡ್ ಅನ್ನೋ ವಿಷದ ಪುಡಿ ಇದೆ. 1951ರಲ್ಲಿ, ಆ ಗಣಿಯ ಹೊಗೆಯ ಆರ್ಸೆನಿಕ್ ಬಿದ್ದಿದ್ದ ಹಿಮ ಕರಗಿಸಿದ ನೀರು ಕುಡಿದು ಡೆನೆ ಮಗುವೊಂದು ಸತ್ತಿತು. ಇದನ್ನ ಕಂಡ ಜನಕ್ಕೆ "ವರದಿ ಸರಿಯಾಗಿದೆ, ಕುಡೀರಿ" ಅಂದ್ರೆ ಸಾಕಾ?

ಇದೇ ಪ್ರಶ್ನೆ 2020ರಲ್ಲಿ ಅಧಿಕೃತವಾಯ್ತು. ವಜ್ರ ತೆಗೆದ ಮೇಲೆ ಉಳಿದ ಕಿಂಬರ್‌ಲೈಟ್, ಅಂದ್ರೆ ವಜ್ರ ಇದ್ದ ಬಂಡೆಯ, ಕೆಸರನ್ನ ಖಾಲಿ ಗುಂಡಿಗೆ ತುಂಬಿ, ಮೇಲೆ ನೀರು ನಿಲ್ಲಿಸಿ, ಏರಿ ಒಡೆದು ಸರೋವರಕ್ಕೆ ಸೇರಿಸ್ತೀವಿ ಅಂತ ಡಯಾವಿಕ್ ಗಣಿಯವರ ಪ್ರಸ್ತಾವ. ಮೆಕೆಂಜಿ ವ್ಯಾಲಿಯ ಪರಿಸರ ಪರಿಶೀಲನಾ ಮಂಡಳಿ ಮೀನು, ನೀರು ನೋಡಿ ನಿಲ್ಲಲಿಲ್ಲ. ಜನ ಆ ನೀರನ್ನ ನಂಬದೆ ಸರೋವರವನ್ನೇ ಬಿಟ್ಟರೆ ಅದೂ ದೊಡ್ಡ ಹಾನಿ ಅಂತ ಹೇಳಿತು. ಗುಂಡಿಯ ನೀರು ಜನಕ್ಕೆ, ಮೀನಿಗೆ, ಪ್ರಾಣಿಗೆ ಸುರಕ್ಷಿತ ಅಂತ ಗೊತ್ತಾಗೋವರೆಗೂ ಏರಿ ಒಡೆಯಬಾರದು, ಆ ಮಾನದಂಡ ಬರೆಯುವಾಗ ಅಲ್ಲಿನ ಸಮುದಾಯಗಳೂ ಕೂತಿರಬೇಕು ಅಂತ ಷರತ್ತು ಹಾಕಿತು.

[ದೃಶ್ಯ: ನೀರು ತುಂಬುತ್ತಿರೋ ಗುಂಡಿ, ಇನ್ನೂ ಮುಚ್ಚಿಯೇ ಇರೋ ಏರಿ.]

ಜೈಂಟ್ ಗಣಿಯ ಆ ಆರ್ಸೆನಿಕ್ ಪುಡಿಯನ್ನ ನೆಲದಡಿಯಲ್ಲೇ ಹೆಪ್ಪುಗಟ್ಟಿಸಿ ಇಡೋ ಕೆಲಸ ನಡೀತಾ ಇದೆ. ಅದು ಹೇಗೆ ಅನ್ನೋದು ಮುಂದಿನ ವಿಡಿಯೋದಲ್ಲಿ.